ಒಸಿಮಾರ್‌ಗೆ ಕೇಳಿಸದ ಹಕ್ಕಿ

ಮನಾಉಸ್ ಪಟ್ಟಣದಿಂದ ಉತ್ತರಕ್ಕೆ, ಕಾಡಿನೊಳಗಿನ ಹಕ್ಕಿ ಅಧ್ಯಯನ ಶಿಬಿರದಲ್ಲಿ ನಾನು ಅಡುಗೆಯವಳು. ಒಸಿಮಾರ್ ಅಲ್ಲಿ ಇಪ್ಪತ್ತಾರು ವರ್ಷಗಳಿಂದ ಹಕ್ಕಿ ಎಣಿಸುತ್ತಿದ್ದ. ರಬ್ಬರ್ ಹಾಲು ಇಳಿಸುವವರ ಮಗ. ಓದು ಕಡಿಮೆ, ಕಿವಿ ಚುರುಕು. ನಸುಕಿನಲ್ಲೇ ಹೊರಟು, ಗುರುತು ಹಾಕಿದ ಒಂದೊಂದು ಮರದ ಕೆಳಗೂ ಹತ್ತು ನಿಮಿಷ ನಿಂತು, ಕೂಗಿದ ಹಕ್ಕಿಗಳ ಹೆಸರು ಬರೆದುಕೊಳ್ಳುವುದು ಅವನ ಕೆಲಸ.

ಮೂರು ವರ್ಷಗಳಿಂದ ಒಂದು ಹಕ್ಕಿ ಕಡಿಮೆಯಾಗುತ್ತ ಬಂದಿತ್ತು. ಸುರುಟಿದ ಒಣ ಎಲೆಗಳೊಳಗಿನ ಹುಳು ಹೆಕ್ಕುವ, ಹೆಬ್ಬೆರಳಷ್ಟು ಬೂದು ಹಕ್ಕಿ. ಮೊದಲು ಹನ್ನೊಂದು ಕಡೆ, ಆಮೇಲೆ ನಾಲ್ಕು, ಈ ಸಲ ಸೊನ್ನೆ. ಅದು ಈ ಕಾಡಿನಿಂದ ಅಳಿದೇಹೋಯಿತೆಂದು ಶಿಬಿರದ ವಿಜ್ಞಾನಿ ಡಾಕ್ಟರ್ ಎಲೊಯಿಝಾ ವರದಿ ಬರೆಯಲು ಕೂತಿದ್ದರು. ಒಸಿಮಾರ್‌ಗೆ ಊಟ ಸೇರುತ್ತಿರಲಿಲ್ಲ.

ಆಗಸ್ಟ್‌ನಲ್ಲಿ ಅವನ ಮೊಣಕಾಲು ಬಾತುಕೊಂಡಿತು. ಚೀಲ ಹೊರಲು ನಾನೂ ಜೊತೆಗೆ ಹೋದೆ. ಆರನೇ ಮರದ ಕೆಳಗೆ ಅವನು ಏನೂ ಬರೆಯದೆ ನಿಂತಿದ್ದ.

"ಅಣ್ಣ, ಈ ಸಣ್ಣ ಕೀಚಲು ದನಿಯದ್ದು ಯಾವ ಹಕ್ಕಿ?"

"ಯಾವುದು?"

"ನಿನ್ನ ತಲೆ ಮೇಲೇ ಇದೆಯಲ್ಲ. ಬಂದಾಗಿಂದ ಕೂಗ್ತಾನೇ ಇದೆ."

ಅವನು ತಲೆಯೆತ್ತಿದ. ಆ ಬೂದು ಹಕ್ಕಿ ಕೆಳಗಿನ ಕೊಂಬೆಯಲ್ಲೇ ಕೂತಿತ್ತು. ಕೊಕ್ಕು ತೆರೆದಿತ್ತು, ಗಂಟಲು ಅದುರುತ್ತಿತ್ತು.

"ಈಗಲೂ ಕೂಗ್ತಿದೆಯಾ?" ಎಂದು ಕೇಳಿದ.

"ಹೂಂ."

ಅವನು ಕುಂಟುತ್ತ, ಹಿಂದಿನ ಮರಗಳನ್ನೂ ಬಿಡದೆ ಎಲ್ಲದರ ಕೆಳಗೂ ನನ್ನನ್ನು ನಿಲ್ಲಿಸಿದ. ಒಂಬತ್ತು ಕಡೆ ನನಗೆ ಆ ದನಿ ಕೇಳಿಸಿತು.

"ನಾನು ಯಾರಿಗೂ ಹೇಳಲ್ಲಣ್ಣ," ಎಂದೆ.

"ಡಾಕ್ಟ್ರಮ್ಮ ಸುಳ್ಳು ಬರೆದು ಕಳಿಸಲಿ ಅಂತೀಯಾ?"

ಶಿಬಿರಕ್ಕೆ ಬಂದವನೇ ನೇರವಾಗಿ ಡಾಕ್ಟರ್ ಮೇಜಿನ ಮುಂದೆ ನಿಂತ. "ಹಕ್ಕಿ ಎಲ್ಲೂ ಹೋಗಿಲ್ಲ ಡಾಕ್ಟ್ರಮ್ಮ. ಹೋಗಿರೋದು ನನ್ನ ಕಿವಿ."

ಅವರು ಬೈಯಲಿಲ್ಲ. ಕನ್ನಡಕ ತೆಗೆದಿಟ್ಟು ಕಣ್ಣುಜ್ಜಿಕೊಂಡರು. ಮೂರು ವರ್ಷದ ಬರಹವನ್ನೆಲ್ಲ ಪಕ್ಕಕ್ಕಿಡಬೇಕಾಯಿತು. ಬೈದಿದ್ದರೆ ಒಸಿಮಾರ್‌ಗೆ ಹಗುರವಾಗುತ್ತಿತ್ತೇನೋ.

ಆ ವಾರ ನಾವಿಬ್ಬರೂ ಒಂದೇ ದೋಣಿಯಲ್ಲಿ ಊರಿಗೆ ಬಂದೆವು. ಅವನ ಹೆಂಡತಿ ಲಿಂಡಾಲ್ವಾ ಮೀನು ಹುರಿಯುತ್ತಿದ್ದಳು. ವಿಷಯ ಕೇಳಿ ಸೌಟು ಕೆಳಗಿಟ್ಟಳು.

"ನಾನು ಕರೆದಾಗೆಲ್ಲ ಬೇಕಂತಲೇ ಸುಮ್ನಿರ್ತೀಯ ಅಂದ್ಕೊಂಡಿದ್ದೆ. ಎಷ್ಟು ಬೈದೆ ನಿಂಗೆ."

"ಅದೂ ಅರ್ಧ ಕೇಳಿಸಿಲ್ಲ ಬಿಡು," ಎಂದ ಅವನು.

ಈಗ ಬೇರೊಬ್ಬಳು ಎಣಿಸುತ್ತಾಳೆ. ಒಸಿಮಾರ್ ಹಕ್ಕಿ ಹಿಡಿಯುವ ಬಲೆ ಕಟ್ಟುತ್ತಾನೆ, ಸಿಕ್ಕು ಬಿಡಿಸುತ್ತಾನೆ. ಆ ಬೂದು ಹಕ್ಕಿ ಬಿದ್ದರೆ ಬಿಡಿಸಿ, ತೂಕ ನೋಡಿ ಹಾರಿಬಿಡುವವರ ಕೈಗೆ ಕೊಟ್ಟು, ಮುಂದಿನ ಬಲೆಗೆ ನಡೆಯುತ್ತಾನೆ. ಮೊಣಕಾಲು ಇನ್ನೂ ನೋಯುತ್ತದಂತೆ.