ಶಿಶುಮನೆಯ ಸಿಸ್ಟರ್ ಜಸಿಂತಾ

ಸಿಸ್ಟರ್ ಜಸಿಂತಾ ಒಳ್ಳೆಯವರು ಅಂತ ನಮ್ಮ ಬೀದಿಯೆಲ್ಲ ಹೇಳುತ್ತೆ. ನಾನೂ ಹೇಳುತ್ತೇನೆ, ಆದರೆ ಸಿಟ್ಟಿನಿಂದ. ರಾಮನಗರದ ಅವರ ಕಾನ್ವೆಂಟಿನ ಶಿಶುಮನೆಯಲ್ಲಿ ಮಕ್ಕಳಿಗೆ ರಾಗಿ ಸರಿ ಕಾಯಿಸಿ ತಿನ್ನಿಸುವವಳು ನಾನು. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗಿದೆ.

ಆ ಶಿಶುಮನೆ ಶುರುಮಾಡಿದ್ದೇ ಅವರು. ನಮ್ಮ ಬೀದಿಯ ಹೆಂಗಸರು ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುವವರು. ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲದವರು ಕೂಸುಗಳನ್ನು ಗೂಡು ಬೇಯಿಸುವ ತೊಟ್ಟಿಯ ಪಕ್ಕದಲ್ಲೇ ಮಲಗಿಸುತ್ತಿದ್ದರು. ಅವರಲ್ಲೊಬ್ಬಳಾದ ಹಮೀದಾಳ ದೊಡ್ಡ ಮಗಳ ಕಾಲಿನ ಮೇಲೆ ಕುದಿನೀರು ಬಿದ್ದಾಗ, ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದ್ದು ಜಸಿಂತಾ. ಮಾರನೆಯ ದಿನವೇ ಕಾನ್ವೆಂಟಿನ ಮುಂದಿನ ಕೋಣೆ ಖಾಲಿ ಮಾಡಿಸಿ, ಸೀರೆಯಲ್ಲಿ ಜೋಲಿ ಕಟ್ಟಿಸಿದರು. ಆಗ ಆ ಕಾನ್ವೆಂಟಿಗೆ ಅವರೇ ಸುಪೀರಿಯರ್, ಅಂದರೆ ಯಜಮಾನಿ. ತಾಯಂದಿರನ್ನು ಹಾಲೂಡಿಸಲು ಬಿಡಿ ಅಂತ ಮಾಲೀಕರ ಬಾಗಿಲಿಗೇ ಹೋಗಿ ಜಗಳ ಮಾಡಿದರು.

ಅವರ ಅವಧಿ ಮುಗಿಯಿತು. ಈ ಸಿಸ್ಟರುಗಳ ಪದ್ಧತಿಯೇ ವಿಚಿತ್ರ. ನಿನ್ನೆವರೆಗೆ ಮನೆ ನಡೆಸಿದವರು ಇವತ್ತು ತಾವೇ ಕೆಲಸ ಕಲಿಸಿದ ಹುಡುಗಿಯ ಮುಂದೆ ನಿಂತು, ಪೇಟೆಗೆ ಹೋಗಿಬರಲಾ ಅಂತ ಅಪ್ಪಣೆ ಕೇಳಬೇಕು. ಹೊಸದಾಗಿ ಬಂದವಳ ಕೆಲಸಕ್ಕೆ ಹಳಬಳು ಅಡ್ಡಮಾತು ಆಡಬಾರದು, ಅದೇ ವಿಧೇಯತೆ ಅಂತ ಜಸಿಂತಾ ನಂಬಿದ್ದರು. ಹೊಸ ಸುಪೀರಿಯರ್ ಶಿಶುಮನೆ ಮುಚ್ಚಿ ಅಲ್ಲಿ ಎಲ್‌ಕೆಜಿ ನಡೆಸೋಣ ಅಂದಾಗ, ಇವರು ತಲೆ ಬಗ್ಗಿಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

ಇನ್ನೂ ಒಂದು ಆಸೆಯಿತ್ತು. ಇವರ ಕಾನ್ವೆಂಟುಗಳಿಗೆಲ್ಲ ದೊಡ್ಡವರಾದ ಪ್ರೊವಿನ್ಶಿಯಲ್ ಮದರ್ ವರ್ಷಕ್ಕೊಮ್ಮೆ ಬೆಂಗಳೂರಿನಿಂದ ಬಂದು, ಒಬ್ಬೊಬ್ಬ ಸಿಸ್ಟರನ್ನೂ ಒಂಟಿಯಾಗಿ ಕೂರಿಸಿಕೊಂಡು ಮಾತಾಡಿಸುತ್ತಾರೆ. ಅವತ್ತು ಜಸಿಂತಾ ಹೊರಗೆ ಬರುವುದನ್ನೇ ಕಾಯುತ್ತಿದ್ದೆ.

“ಮುಚ್ಚಬ್ಯಾಡಿ ಅಂತ ಹೇಳುದ್ರಾ ಸಿಸ್ಟರ್?”

“ಮದರ್ ಕೇಳಿದ್ರು ಕುಸುಮ. ನಿಮ್ಮ ಇಷ್ಟ ಅಂದೆ.”

“ನಿಮ್ ವಿಧೇಯತೆಗೆ ಬೆಂಕಿ ಬೀಳ,” ಅಂದೆ. ಅವರು ಒಳಗೆ ಹೋದರು.

ನಾನು ನೇರ ಹಮೀದಾಳ ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಮದರ್ ತಿಂಡಿಗೆ ಕೂತಿದ್ದಾಗ ಹಮೀದಾ ಸೀದಾ ಊಟದ ಕೋಣೆಗೆ ನುಗ್ಗಿ, ತನ್ನ ಚಿಕ್ಕ ಕೂಸನ್ನು ಅವರ ಮಡಿಲಲ್ಲಿ ಇಟ್ಟಳು.

“ನೀವೇ ನೋಡ್ಕಳಿ ಮದರ್. ನಾನು ಹೋಗೋ ಕಡೆ ಕುದಿಯೋ ನೀರೈತೆ. ಸಂಜಿಗೆ ಬತ್ತೀನಿ.”

ಅವಳ ಹಿಂದೆಯೇ ಬೀದಿಯ ಹೆಂಗಸರೆಲ್ಲ ಬಂದರು. ಮಕ್ಕಳನ್ನು ಬೆಂಚಿನ ಮೇಲೆ, ನೆಲದ ಮೇಲೆ ಬಿಟ್ಟು ಕೆಲಸಕ್ಕೆ ಹೊರಟೇಬಿಟ್ಟರು. ಅಳು ಮುಗಿಲು ಮುಟ್ಟಿತು. ಹಮೀದಾಳ ಕೂಸು ಮದರ್ ಅವರ ಸೀರೆ ಒದ್ದೆ ಮಾಡಿತು. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಮದರ್ ಮುಖ ಕೆಂಪಾಗಿತ್ತು. “ಸಿಸ್ಟರ್ ಜಸಿಂತಾ, ಆ ಹೆಂಗಸರು ನಿಮ್ಮ ಮಾತು ಕೇಳ್ತಾರೆ. ಕರೆಸಿ ಮಕ್ಕಳನ್ನ ವಾಪಸ್ ಕೊಡಿ. ಇದು ನನ್ನ ಆಜ್ಞೆ.”

ಆಜ್ಞೆ ಅಂದಮೇಲೆ ಅವರಲ್ಲಿ ಎರಡನೇ ಮಾತಿಲ್ಲ. ಜಸಿಂತಾ ಎದ್ದರು. ಹಮೀದಾಳ ಕೂಸನ್ನು ಮದರ್ ಮಡಿಲಿನಿಂದ ಎತ್ತಿ ಹೆಗಲಿಗೆ ಹಾಕಿಕೊಂಡರು.

“ಆಗಲ್ಲ ಮದರ್,” ಅಂದರು.

ಶಿಶುಮನೆ ಮುಚ್ಚಲಿಲ್ಲ. ಆದರೆ ವಾರ ಕಳೆಯುವುದರೊಳಗೆ ಜಸಿಂತಾಗೆ ವರ್ಗವಾಯಿತು, ಛತ್ತೀಸಗಡದ ಯಾವುದೋ ಮೂಲೆಗೆ. ಮೆಟ್ಟಿಲು ಹತ್ತಲು ಮಂಡಿ ಹಿಡಿದುಕೊಳ್ಳುವ ಹೆಂಗಸನ್ನು ಅಷ್ಟು ದೂರ ಕಳಿಸುವವರಿಗೆ ಏನನ್ನಬೇಕು? ಇವರಾದರೋ ಒಂದು ಚೀಲ ಹಿಡಿದುಕೊಂಡು ಹೊರಟೇ ನಿಂತರು. ನಾನು ಗೇಟಿಗೆ ಅಡ್ಡ ನಿಂತೆ.

“ಹೋಗಕಾಗಲ್ಲ ಅನ್ನಿ. ಮೊನ್ನೆ ಅಂದ್ರಲ್ಲ, ಅಂಗೇ ಅನ್ನಿ.”

“ಮೊನ್ನೆದು ಮಕ್ಕಳ ವಿಷಯ ಕುಸುಮ. ಇದು ನನ್ನ ವಿಷಯ.”

ಗೇಟಿನ ಮೇಲಿದ್ದ ನನ್ನ ಕೈಯನ್ನು ಮೆಲ್ಲಗೆ ಬಿಡಿಸಿ, ಅವರು ಆಟೋ ಹತ್ತಿದರು.