ಬೇರೆ ಇಟ್ಟ ತಾಟು

ಅತ್ತೆಯ ಮುಂದೆ ಕೂತು ಗಟ್ಟಿಯಾಗಿ ಓದಬಹುದಾದ ಪ್ರೇಮಕಥೆ ಜಗತ್ತಿನಲ್ಲಿ ಒಂದೇ ಬಗೆಯದು, ಅಮೆರಿಕದ ದೈವಭಕ್ತ ಕ್ರಿಶ್ಚಿಯನ್ನರು ಬರೆಯುವಂಥದು. ದಪ್ಪನೆಯ ಪುಸ್ತಕದಲ್ಲಿ ಮುತ್ತು ಬರುವುದು ಕೊನೆಗೆ ಒಂದೇ ಸಲ, ಅದೂ ಪ್ರಾರ್ಥನೆ ಮುಗಿದ ಮೇಲೆ. ಅಲ್ಲಿಗೆ ಬಂದಾಗ ನಾನು ಕೆಮ್ಮಿ ಪುಟ ತಿರುವುತ್ತಿದ್ದೆ. ಅತ್ತೆಗೆ ಎಲ್ಲಾ ಗೊತ್ತಾಗುತ್ತಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಈ ಸಲ ಕೆಮ್ಮು ಲಗೂನ ಬಂತಲ್ಲ ಎಂದು ನನ್ನನ್ನು ಕಾಡುತ್ತಿದ್ದರು.

ಆ ಪುಸ್ತಕಗಳನ್ನು ಕೊಟ್ಟವರು ನನಗೆ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ ಕ್ರಿಶ್ಚಿಯನ್ ಟೀಚರ್. ನಿವೃತ್ತಿಯಾಗಿ ಸೋಲಾಪುರ ಬಿಟ್ಟು ಹೊರಟಾಗ ಒಂದು ಚೀಲ ತುಂಬ ಕೊಟ್ಟು ಹೋದರು. ನಮ್ಮದು ಚಾದರಿನ ವ್ಯಾಪಾರದ ಮನೆ. ಮಾವನವರೂ ನನ್ನ ಗಂಡನೂ ಊಟ ಮುಗಿಸಿ ಅಂಗಡಿಗೆ ಹೋದರೆಂದರೆ ಮಧ್ಯಾಹ್ನವೆಲ್ಲ ನಮ್ಮಿಬ್ಬರದೇ ರಾಜ್ಯ. ಅತ್ತೆ ಗಡಿಯ ಕನ್ನಡದ ಊರಾದ ಮೈಂದರ್ಗಿಯವರು. ಅವರಿಗೆ ಕನ್ನಡ ಅಕ್ಷರ ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಹಾಗಾಗಿ ನಾನು ಇಂಗ್ಲಿಷ್ ಪುಟ ನೋಡುತ್ತಾ ನಮ್ಮ ಮಾತಿನಲ್ಲಿ ಹೇಳುತ್ತಾ ಹೋಗುತ್ತಿದ್ದೆ, ಅವರು ಶೇಂಗಾ ಸುಲಿಯುತ್ತಾ ಕೇಳುತ್ತಿದ್ದರು.

ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಆಮಿಶ್ ಎಂಬ ಜನರ ಕಥೆಗಳು. ಅಮೆರಿಕದಲ್ಲಿದ್ದುಕೊಂಡೇ ಕರೆಂಟು ಬೇಡ, ಕಾರು ಬೇಡ ಅನ್ನುವ ಒಕ್ಕಲುಮಂದಿ. ಹೆಂಗಸರ ತಲೆ ಮೇಲೆ ಯಾವಾಗಲೂ ಬಿಳಿ ಕುಲಾವಿ, ಓಡಾಡುವುದು ಕುದುರೆ ಟಾಂಗಾದಲ್ಲಿ, ಕೂಡಿ ಕೂತು ಹೊಲಿಯುವುದು ಕೌದಿ. ಕೌದಿ ಎಂದದ್ದೇ ತಡ, ಆ ಜನ ಅತ್ತೆಗೆ ಬೀಗರೇ ಆಗಿಬಿಟ್ಟರು. ಅವರ ಬಿಷಪ್ಪನನ್ನು ಮಠದ ಅಯ್ಯನವರು ಎಂದೇ ಕರೆಯುತ್ತಿದ್ದರು. ಕಥೆಯ ಹುಡುಗಿಗೆ ಯಾವ ವರ ಸರಿ ಎಂಬುದರಲ್ಲಿ ನಮ್ಮಿಬ್ಬರಿಗೂ ಜಗಳ ಹತ್ತಿ ಚಹಾ ಆರಿಹೋಗುತ್ತಿತ್ತು. ನನಗೆ ಬಾಯಿ ಜಾಸ್ತಿ ಎಂದು ಮನೆಯವರೆಲ್ಲ ಅನ್ನುತ್ತಾರೆ, ಆದರೆ ಮಧ್ಯಾಹ್ನದ ಅತ್ತೆಯನ್ನು ಅವರು ಕೇಳಿಲ್ಲ.

ಇಷ್ಟು ಹುಡುಗಿಯರ ಬಗ್ಗೆ ಮಾತಾಡಿದ ನಾವು ಒಬ್ಬಳ ಮಾತು ಮಾತ್ರ ಎತ್ತುತ್ತಿರಲಿಲ್ಲ. ಅತ್ತೆಯ ಮಗಳು, ನನ್ನ ನಾದಿನಿ. ಕಾಲೇಜಿನಲ್ಲಿ ಜೊತೆಗೆ ಓದಿದ ದಲಿತ ಹುಡುಗನನ್ನು ಮೆಚ್ಚಿ ಮದುವೆಯಾಗಿ ಅಕ್ಕಲಕೋಟೆಯಲ್ಲಿ ಸಂಸಾರ ಮಾಡುತ್ತಿದ್ದಳು. ಅವನು ಅಲ್ಲಿ ಶಾಲೆಯ ಮಾಸ್ತರ. ಮದುವೆಯ ದಿನವೇ ಮಾವನವರು ಆಕೆ ಈ ಹೊಸ್ತಿಲು ತುಳಿಯಬಾರದು ಎಂದು ಹೇಳಿ ಮಾತು ಮುಗಿಸಿದ್ದರು. ಎಸ್‌ಟಿ ಬಸ್ಸು ಹತ್ತಿದರೆ ಒಂದು ತಾಸಿನ ದಾರಿ, ಅಮೆರಿಕಕ್ಕಿಂತ ದೂರವಾಗಿತ್ತು.

ಹುಣ್ಣಿಮೆಗೆ ನಾವೆಲ್ಲ ಅಕ್ಕಲಕೋಟೆಯ ಗುಡಿಗೆ ಹೋಗುತ್ತಿದ್ದೆವು. ಅಲ್ಲಿಯ ಅನ್ನಛತ್ರದಲ್ಲಿ ತಮ್ಮ ಪಕ್ಕಕ್ಕೆ ಯಾರು ಕೂತರೆಂದು ಮಾವನವರು ತಿರುಗಿಯೂ ನೋಡುತ್ತಿರಲಿಲ್ಲ, ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಉಣ್ಣುತ್ತಿದ್ದರು. ಅತ್ತೆಗೆ ಮಾತ್ರ ತುತ್ತು ಇಳಿಯುತ್ತಿರಲಿಲ್ಲ. ಊರ ಮಂದಿಯೆಲ್ಲ ಉಣ್ಣುವ ಊರಿನಲ್ಲಿ ನನ್ನ ಮಗಳಿಗೆ ನಾನೊಂದು ರೊಟ್ಟಿ ಬಡಿದು ಹಾಕುವಂತಿಲ್ಲ ಎಂದು ಒಮ್ಮೆ ಕೈತೊಳೆಯುವಾಗ ನನ್ನ ಕಿವಿಯಲ್ಲಿ ಅಂದಿದ್ದರು. ಅವರಿಗೆ ಬೇಕಾಗಿದ್ದದ್ದು ಅಷ್ಟೇ. ಮಗಳಿಗೆ ತನ್ನ ಕೈಯಾರೆ ಒಂದು ಊಟ.

ಹೀಗಿರುವಾಗ ಚೀಲದಿಂದ ಒಂದು ಪುಸ್ತಕ ತೆಗೆದೆ. ಅದರಲ್ಲಿ ಆಮಿಶ್ ಹುಡುಗಿಯೊಬ್ಬಳು ಹೊರಗಿನವನನ್ನು ಮದುವೆಯಾಗುತ್ತಾಳೆ. ಅವರ ಜನ ಆಕೆಗೆ ಬಹಿಷ್ಕಾರ ಹಾಕುತ್ತಾರೆ. ಆಕೆ ತವರಿಗೆ ಬಂದಾಗ ಮನೆಯವರು ಆಕೆಯ ಜೊತೆ ಒಂದೇ ಮೇಜಿಗೆ ಕೂತು ಉಣ್ಣುವಂತಿಲ್ಲ, ತಾಯಿ ಬೇರೆ ಸಣ್ಣ ಮೇಜಿನ ಮೇಲೆ ತಾಟು ಇಡುತ್ತಾಳೆ. ನನಗೆ ಮೈಯೆಲ್ಲ ಉರಿಯಿತು. ಎಂಥಾ ಕಟುಕ ಮಂದಿ ಇವರು ಎಂದು ಬಯ್ಯಲು ತಲೆ ಎತ್ತಿದರೆ ಅತ್ತೆಯ ಕೈಯಲ್ಲಿ ಶೇಂಗಾ ನಿಂತಿತ್ತು.

"ಅಂದ್ರ ಮನಿಯೊಳಗ ಬರಾಕ ಬಿಡ್ತಾರ?" ಎಂದರು. "ತಾಯಿ ಕೈಲೆ ಉಣ್ಣಾಕ ಕೊಡ್ತಾರ?"

ಅದೇ ಪುಟವನ್ನು ಮತ್ತೊಮ್ಮೆ ಹೇಳಿಸಿಕೊಂಡರು. ಮರುದಿನವೂ ಅದನ್ನೇ. ತಾಯಿ ಆಕೆಯ ಜೊತೆ ಮಾತಾಡಬಹುದೇ, ಬಡಿಸುವಾಗ ಹತ್ತಿರ ನಿಲ್ಲಬಹುದೇ, ಅಯ್ಯನವರು ಏನೂ ಅನ್ನುವುದಿಲ್ಲವೇ ಎಂದು ಕೇಳಿದ್ದೇ ಕೇಳಿದ್ದು. ನಾನು ಆ ಮೇಜಿನಲ್ಲಿ ಶಿಕ್ಷೆ ಕಂಡಿದ್ದೆ, ಅವರು ದಾರಿ ಕಂಡಿದ್ದರು.

ಆ ವಾರವೇ ಮಾವನವರ ಊಟದ ಹೊತ್ತಿಗೆ ಮಾತು ತೆಗೆದರು. ಅಮೆರಿಕದಲ್ಲೂ ಧರ್ಮ ಬಿಡದ ಮಂದಿ ಇದ್ದಾರೆ, ಅವರೂ ಮಗಳನ್ನು ದೂರ ಇಟ್ಟಿದ್ದಾರೆ, ಆದರೆ ಹಸಿದು ಕಳಿಸುವುದಿಲ್ಲ ಎಂದರು. ನಮ್ಮ ಸಾಲಿನಲ್ಲಿ ಕೂಡಿಸುವುದಿಲ್ಲ, ಬೇರೆ ಕೂಡಿಸಿ ಬಡಿಸುತ್ತೇನೆ ಎಂದರು. ನಾನು ಈ ಮನೆಗೆ ಮದುವೆಯಾಗಿ ಬಂದಂದಿನಿಂದ ಅವರು ಗಂಡನೆದುರು ಅಷ್ಟು ಉದ್ದ ಮಾತಾಡಿದ್ದನ್ನು ಕೇಳಿರಲಿಲ್ಲ. ಮಾವನವರು ತಾಟಿನಲ್ಲಿದ್ದ ರೊಟ್ಟಿಯನ್ನು ಪೂರ್ತಿ ಮುಗಿಸಿದರು. ಆಮೇಲೆ, ಬೇರೆ ಅಂದರೆ ಬೇರೆಯೇ ಇರಬೇಕು ಎಂದು ಎದ್ದು ಕೈತೊಳೆಯಲು ಹೋದರು.

ಮಗಳಿಗೆ ಅತ್ತೆಯೇ ಫೋನ್ ಮಾಡಿದರು. ಐತವಾರ ಊಟಕ್ಕೆ ಬಾ ಎಂದಷ್ಟೇ ಹೇಳಿ ಅಳಲು ಶುರು ಮಾಡಿದರು, ಆ ಕಡೆಯಿಂದಲೂ ಅಳು ಕೇಳಿಸುತ್ತಿತ್ತು. ಬೇರೆ ಮೇಜಿನ ಮಾತು ಹೇಳಬೇಕಾದ ವಿಷಯವೆಂದು ಅವರಿಗೆ ಅನಿಸಲೇ ಇಲ್ಲ.

ಆ ಐತವಾರದ ಅಡುಗೆಯನ್ನು ಮುಟ್ಟಲು ಅತ್ತೆ ನನ್ನನ್ನು ಬಿಡಲಿಲ್ಲ. ಎಣ್ಣೆಗಾಯಿ ಬದನೆ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕುಟ್ಟಿದ ಶೇಂಗಾ ಚಟ್ನಿ, ಶೇಂಗಾ ಹೋಳಿಗೆ. ಪಡಸಾಲೆಯಲ್ಲಿ ನಮ್ಮ ಊಟದ ಟೇಬಲ್ಲಿನಿಂದ ದೂರಕ್ಕೆ, ಗಾಳಿ ಬರಲೆಂದು ಕಿಟಕಿಯ ಹತ್ತಿರ, ಮಡಚುವ ಸಣ್ಣ ಟೇಬಲ್ ಹಾಕಿದರು. ಅದರ ಮೇಲೆ ಅಂಗಡಿಯಿಂದ ತರಿಸಿದ ಹೊಸ ಹಾಸು. ಕಪಾಟಿನಿಂದ ತಮ್ಮ ತವರಿನ ಬೆಳ್ಳಿ ತಾಟು ತೆಗೆದು, ಬೂದಿ ಹಚ್ಚಿ ತಿಕ್ಕಿ ಅಲ್ಲಿಟ್ಟರು. ನಮಗೆಲ್ಲ ಸ್ಟೀಲಿನ ತಾಟು. ಟೇಬಲ್ಲನ್ನು ಒಂದು ಗೇಣು ಆಚೆ, ಒಂದು ಗೇಣು ಈಚೆ ಸರಿಸುತ್ತಾ, ಛಂದ ಕಾಣಸ್ತದಲ್ಲ ಎಂದು ನನ್ನನ್ನು ಕೇಳಿದರು. ಹೌದು ಅಂದೆ. ಅವರ ಮುಖ ನೋಡಿದರೆ ಬೇರೆ ಏನು ಅನ್ನಲಿಕ್ಕೂ ಬಾಯಿ ಬರುತ್ತಿರಲಿಲ್ಲ.

ನಾದಿನಿ ಒಬ್ಬಳೇ ಬಂದಳು. ಕೈಯಲ್ಲಿ ಪೇಢೆಯ ಡಬ್ಬಿ. ಅತ್ತೆ ಆಕೆಯ ಕೆನ್ನೆ ಸವರಿದರು, ತಲೆ ಸವರಿದರು, ಎಷ್ಟು ಸೊರಗಿದ್ದೀ ಎಂದು ಬಯ್ದರು. ಮಾವನವರು ಟೇಬಲ್ಲಿಗೆ ಕೂತಿದ್ದವರು ತಲೆ ಎತ್ತಲಿಲ್ಲ. ನಾದಿನಿ ಅಣ್ಣನ ಪಕ್ಕದ ಕುರ್ಚಿ ಎಳೆದುಕೊಳ್ಳಲು ಹೋದಳು.

"ಅಲ್ಲಿ ಅಲ್ಲವ್ವಾ, ಇಲ್ಲಿ," ಎಂದು ಅತ್ತೆ ಕಿಟಕಿಯ ಕಡೆ ತೋರಿಸಿದರು. "ಇಲ್ಲಿ ಕುಂತ್ರ ಯಾರೂ ಏನೂ ಅನ್ನಂಗಿಲ್ಲ. ನಿಮ್ಮಪ್ಪಾರೂ ಒಪ್ಪ್ಯಾರ." ಅವರ ದನಿಯಲ್ಲಿ ಹಬ್ಬವಿತ್ತು.

ನಾದಿನಿ ಬೆಳ್ಳಿ ತಾಟು ನೋಡಿದಳು, ನಮ್ಮ ತಾಟುಗಳನ್ನು ನೋಡಿದಳು. ಕುರ್ಚಿಯ ಮೇಲಿನ ಕೈ ತೆಗೆದಳು. ಸಿಟ್ಟಾಗುತ್ತಾಳೆ ಎಂದುಕೊಂಡೆ, ಆಗಲಿಲ್ಲ.

"ಅವ್ವಾ, ನಮ್ಮ ಮನಿಯವರ ಅಜ್ಜಿ ಹೊಲದ ಕೆಲಸಕ್ಕ ಹೋದಲ್ಲಿ ಅಕಿಗಿ ಅಂಗಳದಾಗ ಹಿಂಗ ಬ್ಯಾರೆ ತಾಟ ಇಡತಿದ್ರಂತ. ಇಲ್ಲಿ ಕುಂತು ಉಂಡು ಹೋಗಿ ಅವರ ಮಾರಿ ಹ್ಯಾಂಗ ನೋಡ್ಲಿ?"

ನಾದಿನಿ ಅತ್ತೆಯ ಕಾಲು ಮುಟ್ಟಿದಳು. ಹೊಸ್ತಿಲಲ್ಲಿ ನಿಂತು ಚಪ್ಪಲಿ ಹಾಕಿಕೊಳ್ಳುವಾಗ ಒಮ್ಮೆ ಅಡುಗೆಮನೆಯ ಕಡೆ ತಿರುಗಿ ಉಸಿರೆಳೆದಳು. ಬದನೆಯ ವಾಸನೆ ಮನೆಯೆಲ್ಲ ತುಂಬಿತ್ತು. ಹೊರಟುಹೋದಳು. ನಾನು ಗೇಟಿನವರೆಗೂ ಓಡಿದೆ, ನಿಲ್ಲು ಎಂದು ಕರೆಯಲು ಯಾವ ಮುಖ ಇತ್ತು ನನಗೆ?

ಒಳಗೆ ಬಂದಾಗ ಅತ್ತೆ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತು ಆ ತಾಟಿನಲ್ಲಿ ಬಡಿಸಿಕೊಂಡು ಉಣ್ಣುತ್ತಿದ್ದರು. ಅಳುತ್ತಿರಲಿಲ್ಲ, ಬರೀ ಉಣ್ಣುತ್ತಿದ್ದರು. ಇಲ್ಲಿ ಬಂದು ಕೂಡು ಎಂದು ಮಾವನವರು ಮೆಲ್ಲಗೆ ಕರೆದರು. ಅವರು ಏಳಲಿಲ್ಲ. ಅಂದಿನಿಂದ ಎರಡೂ ಹೊತ್ತು ಅವರ ಊಟ ಆ ಸಣ್ಣ ಟೇಬಲ್ಲಿನ ಮೇಲೆಯೇ. ಮಾವನವರು ಒಂದು ಸಲ ಅದನ್ನು ಮಡಚಿ ಇಟ್ಟಿದ್ದರು, ಅತ್ತೆ ಮಾತಿಲ್ಲದೆ ಮತ್ತೆ ಹಾಕಿಕೊಂಡರು.

ಮಧ್ಯಾಹ್ನದ ಓದು ನಿಂತುಹೋಯಿತು. ನನಗೂ ಆ ಪುಸ್ತಕಗಳ ಮೇಲೆ ಸಿಟ್ಟು, ಎಷ್ಟು ಸುಲಭವಾಗಿ ಎಲ್ಲರನ್ನೂ ಒಂದುಗೂಡಿಸಿಬಿಡುತ್ತವೆ ಎಂದು. ಬಹಳ ದಿನಗಳ ಮೇಲೆ, ನಾನು ರೊಟ್ಟಿ ಬಡಿಯುತ್ತಿದ್ದಾಗ, ಪುಸ್ತಕದ ಆ ಹುಡುಗಿ ಕೊನೆಗೆ ಆ ಬೇರೆ ಮೇಜಿಗೆ ಕೂತು ಉಂಡಳೇ ಎಂದು ಅತ್ತೆ ಕೇಳಿದರು. ಉಂಡಳು ಅಂದೆ. ಅದು ಸುಳ್ಳಲ್ಲ, ಪುಸ್ತಕದಲ್ಲಿ ಹಾಗೇ ಇದೆ.

ಅತ್ತೆ ತಮ್ಮ ಬೆಳ್ಳಿ ತಾಟು ಕೈಗೆತ್ತಿಕೊಂಡರು.

"ಆ ಹುಡುಗಿ ಗಂಡನ ಅಜ್ಜಿಗಿ ಯಾರೂ ಅಂಗಳದಾಗ ತಾಟ ಇಟ್ಟಿರಲಿಕ್ಕಿಲ್ಲ ಬಿಡು," ಎಂದರು. ಆಮೇಲೆ ನನ್ನ ಕೈಯಿಂದ ಬಿಸಿ ರೊಟ್ಟಿ ತೆಗೆದುಕೊಂಡು ಕಿಟಕಿಯ ಕಡೆ ಹೋಗಿ ಒಬ್ಬರೇ ಉಣ್ಣಲು ಕೂತರು.