ಒಲೆಯ ಮೇಲೆ ಬೆಂದ ಥರ್ಮೋಸ್ಟಾಟ್

ದೊಡ್ಡನೆಕ್ಕುಂದಿಯ ಫ್ಯಾಕ್ಟರಿಗಳು ಭಾನುವಾರ ಬಾಯಿ ಮುಚ್ಚಿಕೊಂಡಿದ್ದು, ನಡುರಸ್ತೆಯಲ್ಲೇ ನಾವು ಲಗೋರಿ ಆಡುತ್ತಿದ್ದ ಕಾಲವದು. ಅವರೆಕಾಯಿ ಬಂತೆಂದರೆ ಬೀದಿಗೆ ಬೀದಿಯೇ ಸೊಗಡು. ಆ ವರ್ಷ ನಮ್ಮ ಮನೆಯಲ್ಲಿ ಮಾತ್ರ ಸೊಗಡಿನ ಜೊತೆ ಕಾದ ರಬ್ಬರಿನ ವಾಸನೆಯೂ ಇತ್ತು. ನಮ್ಮ ಸೆಕೆಂಡ್ ಹ್ಯಾಂಡ್ ಬಿಳಿ ಕಾರು ಹೋದಲ್ಲೆಲ್ಲ ಕುದಿದು ನಿಲ್ಲುತ್ತಿತ್ತು.

ಅಮ್ಮ ಅದೇ ಖಾಲಿ ರಸ್ತೆಗಳಲ್ಲಿ ಡ್ರೈವಿಂಗ್ ಕಲಿತು ಆಗಷ್ಟೇ ಲೈಸೆನ್ಸ್ ತಂದಿದ್ದಳು. ಸ್ಟೀರಿಂಗ್ ಹಿಡಿದರೆ ಅವಳ ಮುಖವೇ ಬೇರೆ. ಮಾರತ್ತಹಳ್ಳಿ ಸೇತುವೆಯ ಮೇಲೆ ಕಾರು ಮತ್ತೆ ಹಬೆ ಉಗುಳಿದ ದಿನ ಅಪ್ಪನಿಗೆ ರೇಗಿಹೋಯಿತು.

"ಸಾಕು ಕಣೇ ಈ ಪೀಡೆ. ಭಾನುವಾರ ಸಂಜೆ ಕುಂದಲಹಳ್ಳಿಯಿಂದ ಒಬ್ರು ನೋಡೋಕೆ ಬರ್ತಿದಾರೆ, ಕೊಟ್ಬಿಡ್ತೀನಿ."

"ಅವತ್ತು ಬೆಳಗ್ಗೆ ನಂಗೆ ಬಿಡಿ," ಎಂದಳು ಅಮ್ಮ. "ಸರಿಹೋಗ್ಲಿಲ್ಲ ಅಂದ್ರೆ ನಾನೇ ಕೀ ಕೊಡ್ತೀನಿ."

ನನಗೆ ಅಳುವೇ ಬಂತು. ಈ ಕಾರು ಹೋದರೆ ಅಮ್ಮನ ಡ್ರೈವಿಂಗೂ ಹೋದಂತೆಯೇ. ಇನ್ನೊಂದು ಕಾರು ನಮ್ಮ ಮನೆಗೆ ಬರುವುದು ಕನಸಿನ ಮಾತಾಗಿತ್ತು.

ರಸ್ತೆ ಕೊನೆಯ ಮೆಕ್ಯಾನಿಕ್ ನೋಡಿ ಹೇಳಿದ, "ಥರ್ಮೋಸ್ಟಾಟ್ ಹೋಗಿದೆ ಅಕ್ಕ. ತೆಗೆದು ಬಿಸಾಕಿ, ನಮ್ಮೂರ ಚಳಿಗೆ ಅದ್ಯಾಕೆ?"

"ಬಾಗಿಲು ತೆರೀತಿಲ್ಲ ಅಂತ ಬಾಗಿಲನ್ನೇ ಕಿತ್ತಾಕ್ತಾರೇನಪ್ಪಾ?" ಎಂದು ಅಮ್ಮ ಪೇಟೆಯಿಂದ ಹೊಸದನ್ನು ತಂದಳು. ಅಂಗೈಯಷ್ಟೂ ಇಲ್ಲದ ಹಿತ್ತಾಳೆ ಬಿಲ್ಲೆ, ಅದಕ್ಕೊಂದು ಸ್ಪ್ರಿಂಗ್. ಎಂಜಿನ್ ಬಿಸಿಯಾಗುವವರೆಗೆ ಮುಚ್ಚಿಕೊಂಡಿದ್ದು, ಆಮೇಲೆ ತೆರೆದುಕೊಂಡು ನೀರನ್ನು ತಣಿಯಲು ರೇಡಿಯೇಟರಿಗೆ ಬಿಡುವುದೇ ಅದರ ಕೆಲಸ.

ಭಾನುವಾರ ಎಂಜಿನ್ ತಣ್ಣಗಿದ್ದಾಗಲೇ ಅಮ್ಮ ಎಂಜಿನ್ ತಂಪಾಗಿಡುವ ಹಸಿರು ನೀರು, ಕೂಲೆಂಟನ್ನು, ಬೇಸಿನ್ನಿಗೆ ಇಳಿಸಿ, ಬೋಲ್ಟು ಬಿಚ್ಚಿ ಹಳೆಯದನ್ನು ತೆಗೆದಳು. ಫ್ಯಾಕ್ಟರಿಯಲ್ಲಿ ಬಿಡಿಭಾಗಗಳ ತಪಾಸಣೆ ಅವಳ ಕೆಲಸ. ಹೊಸದೆಂದ ಮಾತ್ರಕ್ಕೆ ಯಾವುದನ್ನೂ ನಂಬುವವಳಲ್ಲ. ಹಳೆಯದು, ಹೊಸದು ಎರಡನ್ನೂ ತೊಳೆದುಕೊಂಡು ಸೀದಾ ಅಡುಗೆಮನೆಗೆ ಬಂದಳು. ಅಪ್ಪನ ತಾಯಿ, ನಮ್ಮಜ್ಜಿ, ಅಲ್ಲಿ ಅವರೆಬೇಳೆ ಹಿಚುಕುತ್ತಾ ಕೂತಿದ್ದಳು.

"ಅಯ್ಯೋ ಶಿವನೇ! ಸಾರು ಮಾಡೋ ಒಲೆ ಮೇಲೆ ಕಾರಿನ ಕರುಳು ಬೇಯಿಸ್ತೀಯೇನೇ? ಹಿಂಗೂ ಉಂಟಾ?"

ಬೈಯುತ್ತಲೇ ಹಳೇ ಸೊಟ್ಟ ಪಾತ್ರೆಯೊಂದನ್ನು ಎತ್ತಿಕೊಟ್ಟಳು. ಅಮ್ಮ ಎರಡನ್ನೂ ದಾರ ಕಟ್ಟಿ ನೀರಿಗೆ ಇಳಿಬಿಟ್ಟಳು. ಗೃಹಪ್ರವೇಶದಲ್ಲಿ ಹಾಲುಕ್ಕುವುದನ್ನು ಕಾಯುವವರ ಹಾಗೆ ನಾವೆಲ್ಲ ಒಲೆ ಸುತ್ತ ನಿಂತೆವು. ನೀರು ಕುದಿಯುವ ಮೊದಲೇ ಹೊಸದು ಮೆಲ್ಲಗೆ ತೆರೆಯಿತು. ಹಳೆಯದು ಕೊತಕೊತ ಕುದಿದರೂ ಜಪ್ಪಯ್ಯ ಅನ್ನಲಿಲ್ಲ.

"ಬಾಯಿ ಬಿಡ್ತು ಕಣೇ, ಗುಬ್ಬಿಮರಿ ಬಿಟ್ಟಂಗೆ!" ಎಂದು ಎಲ್ಲರಿಗಿಂತ ಮೊದಲು ಕೂಗಿದವಳು ಅಜ್ಜಿ.

ಹೊಸದನ್ನು ಕೂರಿಸಿ, ಕೂಲೆಂಟ್ ತುಂಬಿ, ಒಳಗಿನ ಗಾಳಿಯೆಲ್ಲ ಗುಳ್ಳೆಯಾಗಿ ಹೋಗುವವರೆಗೆ ಎಂಜಿನ್ ಓಡಿಸಿ, ಅಮ್ಮ ಎಲ್ಲರನ್ನೂ ಹತ್ತಿಸಿಕೊಂಡು ಅದೇ ಸೇತುವೆಗೆ ಹೊರಟಳು. ಬಿಸಿ ತೋರಿಸುವ ಮುಳ್ಳು ನೋಡುವುದು ನನ್ನ ಕೆಲಸ. ಹಿಂದಿನಿಂದ ಅಜ್ಜಿಯದು ಒಂದೇ ರಾಗ, "ಮುಳ್ಳು ಎಲ್ಲೈತೆ?"

"ಮೇಲೆ ಹೋಗ್ತಿದೆ ಅಜ್ಜಿ... ಅರ್ಧಕ್ಕೆ ಬಂತು..."

ಸೇತುವೆ ಏರು ಶುರುವಾಯಿತು. ಅಪ್ಪ ನನ್ನ ಭುಜದ ಮೇಲೆ ಬಗ್ಗಿ ಮುಳ್ಳನ್ನೇ ನೋಡುತ್ತಿದ್ದರು. ಮುಳ್ಳು ಅರ್ಧಕ್ಕೆ ನಿಂತಿದ್ದು ಅಲ್ಲೇ ನಿಂತಿತು. ಆ ಕಡೆ ಇಳಿಯುವಾಗ ಅಮ್ಮ ಸುಮ್ಮಸುಮ್ಮನೆ ಹಾರ್ನ್ ಹೊಡೆದಳು. ಅಷ್ಟು ಖುಷಿಯಾಗಿ ಅವಳನ್ನು ನಾನು ನೋಡಿದ್ದೇ ಕಡಿಮೆ.

ಸಂಜೆ ಬಂದ ಗಿರಾಕಿಗೆ ಅಪ್ಪ ಹೇಳಿದರು, "ತಪ್ಪು ತಿಳ್ಕೋಬೇಡಿ ಸಾರ್. ಕಾರು ಇವಳದು. ಕೊಡಲ್ವಂತೆ."

ಪಾಪ, ಬಂದವರು ಹಿಚುಕಿದ ಬೇಳೆ ಸಾರಿನಲ್ಲಿ ಊಟ ಮಾಡಿಕೊಂಡು ಹೋದರು. ಮರೆಯದೆ ಕೂಲೆಂಟ್ ಬದಲಿಸುತ್ತ ಅಮ್ಮ ಆ ಕಾರನ್ನು ನಾನು ಕಾಲೇಜು ಸೇರುವವರೆಗೂ ಓಡಿಸಿದಳು.

ಈಗ ಅಜ್ಜಿಯಿಲ್ಲ. ನನ್ನ ಕಾರಿನ ಬಾನೆಟ್ ತೆರೆದು ನಾನು ನೋಡಿದ್ದೇ ಇಲ್ಲ. ಮೊನ್ನೆ ಅದೇ ಸೇತುವೆ ಏರುವಾಗ, ಪಕ್ಕದಲ್ಲಿ ಕೂತಿದ್ದ ಅಮ್ಮ ಥೇಟ್ ಅಜ್ಜಿಯ ದನಿಯಲ್ಲಿ ಕೇಳಿದಳು, "ಮುಳ್ಳು ಎಲ್ಲೈತೆ?"

"ಇದ್ರಲ್ಲಿ ಮುಳ್ಳೇ ಇಲ್ಲಮ್ಮ. ಕೆಟ್ರೆ ಲೈಟ್ ಬರತ್ತೆ."

"ಒಳ್ಳೇದಾಯ್ತು ಬಿಡು," ಎಂದಳು. ಹಿಂದಿನ ಸೀಟಿನಲ್ಲಿ ನನ್ನ ಗಂಡ, ಮಗ ತಂತಮ್ಮ ಫೋನಿನಲ್ಲಿದ್ದರು.

ಒಳ್ಳೆಯದೇ, ಕಾರು ಕುದಿಯುವುದಿಲ್ಲ. ಆದರೆ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಒಂದೇ ಮುಳ್ಳನ್ನು ನೋಡುತ್ತ ಕೂತು ಎಷ್ಟು ವರ್ಷವಾಯಿತು!